ಕೂತೇ ಆಡಿಸಿದ ಆಟ

ಸೀಟಿ ಊದಿದಾಗ ಮೆರ್ಲ್ ಬೆಟ್ಸ್ ಅಂಗಳಕ್ಕೆ ಬೆನ್ನು ಮಾಡಿ ನಿಂತಿದ್ದ. ಬ್ಯಾಸ್ಕೆಟ್‌ಬಾಲ್ ಫೈನಲ್ ಇನ್ನೂ ಶುರುವಾಗಿರಲಿಲ್ಲ. ಎರಡೂ ಶಾಲೆಯ ಹುಡುಗರು ಮೈ ಬಿಸಿ ಮಾಡಿಕೊಳ್ಳಲು ಸಾಲಾಗಿ ಓಡಿಬಂದು ಚೆಂಡು ಹಾಕುತ್ತಿದ್ದರು. ಬ್ಯಾಂಡಿನ ಮಕ್ಕಳು ತಾಳ ತಪ್ಪಿಸಿಕೊಂಡು ಬಾರಿಸುತ್ತಿದ್ದರು. ಮೆರ್ಲ್ ಮಾತ್ರ ತನ್ನ ಸಹಾಯಕ ಕೋಚ್ ಹೋಬರ್ಟ್ ಜೊತೆ ಒಂದು ಕತ್ತರಿಯ ವಿಷಯಕ್ಕೆ ಜಗಳಕ್ಕೆ ನಿಂತಿದ್ದ.

ಕತ್ತರಿ ಅವನ ಹೆಂಡತಿ ಗ್ಲೆಂಡಾಳದು. ಬಟ್ಟೆ ಕತ್ತರಿಸುವ ದೊಡ್ಡ ಉಕ್ಕಿನ ಕತ್ತರಿ. ಅದನ್ನು ಮೆರ್ಲ್ ಕೋಟಿನ ಪಕ್ಕದ ಜೇಬಿಗೆ ಇಳಿಬಿಟ್ಟುಕೊಂಡು ಬಂದಿದ್ದ. ಫೈನಲ್ ಗೆದ್ದವರು ಏಣಿ ಹತ್ತಿ ರಿಂಗಿನ ಬಲೆಯನ್ನು ಕತ್ತರಿಸಿಕೊಂಡು ಮನೆಗೆ ಒಯ್ಯುತ್ತಾರೆ, ಅದು ಸರಿ. ಆದರೆ ಕತ್ತರಿಯನ್ನು ಮನೆಯಿಂದಲೇ ತರುವ ಬುದ್ಧಿಗೇಡಿಯನ್ನು ಅವನ ಊರು ಡೆಲ್‌ಫೋರ್ಡಿನಲ್ಲಿ ಯಾರೂ ಕಂಡಿರಲಿಲ್ಲ. ಗೆದ್ದ ಮೇಲೆ ಅವರಿವರನ್ನು ಕೇಳಿ ತರಬೇಕು. ಮೊದಲೇ ತಂದರೆ ಆಟ ಕೈ ಬಿಡುತ್ತದೆ. ಇದನ್ನು ಊರಿನ ಪಾದ್ರಿಯೂ ನಂಬುತ್ತಾನೆ.

"ಹೋಗಿ ಅದನ್ನ ಕಾರಲ್ಲಿಟ್ಟು ಬಾ," ಎಂದ ಹೋಬರ್ಟ್. ಎಪ್ಪತ್ತು ದಾಟಿದ ಮುದುಕ, ಒಂದು ಕಾಲಕ್ಕೆ ಮೆರ್ಲ್‌ಗೇ ಶಾಲೆಯಲ್ಲಿ ಮರಗೆಲಸ ಕಲಿಸಿದವನು.

"ಈ ಸಲ ಗೆದ್ದೇ ಗೆಲ್ತೀವಿ ಮೇಷ್ಟ್ರೇ. ಸುಮ್ನಿರಿ ನೀವು."

ಆಗಲೇ ಹಿಂದಿನಿಂದ ದಡ್ ಎಂದು ಒಂದು ಶಬ್ದ, ಅದರ ಬೆನ್ನಿಗೇ ಸೀಟಿ. ಮೆರ್ಲ್ ತಿರುಗಿದಾಗ ರಿಂಗಿನ ಹಿಂದಿನ ಗಾಜಿನ ಹಲಗೆ ಇನ್ನೂ ಅದುರುತ್ತಿತ್ತು. ಎದುರಾಳಿ ವಾರ್ನೆಟ್ ಶಾಲೆಯ ಮಕ್ಕಳು ಕೇಕೆ ಹಾಕುತ್ತಿದ್ದರು. ತನ್ನ ಹುಡುಗರು ರಿಂಗಿನ ಕೆಳಗೆ ಚೆಲ್ಲಾಪಿಲ್ಲಿಯಾಗಿ ನಿಂತಿದ್ದರು. ಎಲ್ಲರಿಗಿಂತ ಎತ್ತರದವನು ಡ್ವೇಯ್ನ್, ರಿಂಗಿಗೆ ಹತ್ತಿರ ಇದ್ದವನೂ ಅವನೇ. ರಿಂಗಿಗೆ ನೇತಾಡಿದವನು ಇವನೇ, ಇನ್ನು ಕೇಳುವುದೇನಿದೆ ಎಂದು ಮೆರ್ಲ್ ಅವನ ಮೇಲೆ ಹರಿಹಾಯ್ದ. ತಲೆಯೊಳಗೆ ಮೆದುಳಿದೆಯೋ ಹೊಟ್ಟಿದೆಯೋ ಎಂದ, ಇಡೀ ವರ್ಷ ಬಡಕೊಂಡಿದ್ದು ಇದಕ್ಕೇನಾ ಎಂದ. ಡ್ವೇಯ್ನ್ ಎರಡೂ ಕೈ ಮೇಲೆತ್ತಿ ತಾನಲ್ಲ ಎಂದ. ಆಮೇಲೆ ಯಾರೆಂದು ಹೇಳಲು ಮನಸ್ಸಿಲ್ಲದೆ ಸುಮ್ಮನೆ ಪಕ್ಕಕ್ಕೆ ನೋಡಿದ.

ಪಕ್ಕದಲ್ಲಿ ಕರ್ಟ್ ಇದ್ದ. ಮೆರ್ಲ್‌ನ ಮಗ. ತಂಡದ ಗಾರ್ಡು, ಚೆಂಡನ್ನು ಮುಂದಕ್ಕೆ ತಂದು ಹಂಚುವವನು. ಅವನ ಅಂಗೈ ಎರಡೂ ಕೆಂಪಾಗಿದ್ದವು. ಮೆರ್ಲ್‌ಗೆ ಮೊದಲು ಕೋಪ ಬರಲಿಲ್ಲ, ಅರ್ಥವಾಗಲಿಲ್ಲ. ಅಪ್ಪನಷ್ಟೇ ಎತ್ತರದ ಹುಡುಗ, ಅಪ್ಪನ ಹಾಗೆಯೇ ಗಿಡ್ಡ ಕಾಲು. ಇವನಿಗೆ ರಿಂಗು ಎಟುಕಿದ್ದಾದರೂ ಹೇಗೆ?

ರೆಫರಿ ಲೆಸ್ಟರ್ ಪ್ರೂಯಿಟ್ ಸ್ಕೋರು ಬರೆಯುವವರ ಮೇಜಿಗೆ ಕೈಸನ್ನೆ ಮಾಡಿ ಇವನ ಕಡೆ ಬಂದ. ವಾರದ ದಿನ ಪಕ್ಕದ ತಾಲ್ಲೂಕಿನಲ್ಲಿ ಔಷಧಿ ಅಂಗಡಿ ನಡೆಸುವ ಮನುಷ್ಯ. ಇಷ್ಟು ಪ್ರಾಮಾಣಿಕ ರೆಫರಿ ಇನ್ನೊಬ್ಬನಿಲ್ಲ, ಇಷ್ಟು ಮೈ ಉರಿಸುವವನೂ ಇನ್ನೊಬ್ಬನಿಲ್ಲ.

"ಎರಡೂ ಕೈಯಲ್ಲಿ ನೇತಾಡಿದ, ಮೆರ್ಲ್. ನಾನು ಕೆಳಗೇ ನಿಂತಿದ್ದೆ, ಕಾಣಲಿಲ್ಲ ಅನ್ನೋಕೂ ಆಗಲ್ಲ," ಎಂದ. "ಎರಡು ಫ್ರೀ ಥ್ರೋ ಅವರಿಗೆ, ಚೆಂಡೂ ಅವರಿಗೆ. ಫೌಲು ಹುಡುಗನ ಲೆಕ್ಕಕ್ಕೆ, ಐದಾದ್ರೆ ಅವನು ಹೊರಗೆ. ನಿಂದು ನಿಂಗೇ ಗೊತ್ತು."

"ಗೊತ್ತಿಲ್ಲ. ನಿನ್ ಬಾಯಲ್ಲೇ ಹೇಳು."

"ಇವತ್ತು ನೀನು ಏಳೋ ಹಾಗಿಲ್ಲ ಮಾರಾಯಾ. ಮುಗಿಯೋ ತನಕ ಕುರ್ಚಿ ಮೇಲೆ. ಎದ್ದು ನಿಂತ್ರೆ ಇನ್ನೆರಡು ಥ್ರೋ ಅವರಿಗೆ ಕೊಡಬೇಕಾಗುತ್ತೆ."

ಆಟಗಾರರ ಕುರ್ಚಿಗಳ ಮುಂದೆ ನೆಲಕ್ಕೆ ಬಿಳಿ ಪಟ್ಟಿ ಅಂಟಿಸಿದ ಒಂದು ಚೌಕ ಇರುತ್ತದೆ. ಆಟ ನಡೆಯುವಾಗ ಕೋಚ್ ಅದರೊಳಗೆ ನಿಲ್ಲಬಹುದು, ನಡೆದಾಡಬಹುದು. ಆ ಹಕ್ಕು ಮುಖ್ಯ ಕೋಚಿಗೆ ಮಾತ್ರ, ಸಹಾಯಕನಿಗೂ ಇಲ್ಲ. ಅವನ ಕಡೆಯವರು ಯಾರಾದರೂ ಕಪಿಚೇಷ್ಟೆ ಮಾಡಿದರೆ ಆ ಹಕ್ಕು ಹೋಯಿತು, ಕುರ್ಚಿಯೇ ಗತಿ. ರಿಂಗಿಗೆ ನೇತಾಡಿದವನು ಹುಡುಗ, ಕೂರುವವನು ಕೋಚ್. ಯಾವುದೋ ಕಚೇರಿಯಲ್ಲಿ ಮೆತ್ತನೆಯ ಕುರ್ಚಿ ಸಿಕ್ಕವರು ಎಲ್ಲರೂ ಹಾಗೇ ಕೂರಲಿ ಎಂದು ಮಾಡಿದ ನಿಯಮವಿರಬೇಕು.

ಬೇರೆ ಯಾವ ಕೋಚಿಗಾದರೂ ಇದು ಅಷ್ಟು ದೊಡ್ಡ ಮಾತಲ್ಲ. ಕೂತುಕೊಂಡೇ ಆಡಿಸುವವರು ಎಷ್ಟೋ ಜನ ಇದ್ದಾರೆ. ಮೆರ್ಲ್ ಬೆಟ್ಸ್ ಹಾಗಲ್ಲ. ಅವನು ಆಟದುದ್ದಕ್ಕೂ ಒಂದು ಸಲವಾದರೂ ಕೂತದ್ದನ್ನು ಡೆಲ್‌ಫೋರ್ಡಿನ ಜನ ನೋಡಿರಲಿಲ್ಲ. ಬೋನಿನ ಕರಡಿಯ ಹಾಗೆ ಆ ಚೌಕದಲ್ಲಿ ಅತ್ತ ಇತ್ತ ತಿರುಗುವುದೇ ಅವನ ಕೆಲಸ. ಮುಷ್ಟಿ ಎತ್ತಿದರೆ ಒಂದು ಬಗೆಯ ಆಟ, ಟೈ ಎಳೆದರೆ ಇನ್ನೊಂದು, ಕಿವಿ ಮುಟ್ಟಿದರೆ ಮತ್ತೊಂದು. ಹುಡುಗರು ಅವನ ಕೈ ನೋಡಿಯೇ ಚೆಂಡು ಕೊಡಬೇಕು. ಪಟ್ಟಿ ದಾಟಿದ ಎಂದು ಪ್ರತಿ ವರ್ಷ ಎಚ್ಚರಿಕೆ ಹೇಳಿಸಿಕೊಳ್ಳುತ್ತಿದ್ದ. ಆದರೂ ಅವನ ತಂಡ ಪ್ರತಿ ವರ್ಷ ಈ ಫೈನಲ್‌ವರೆಗೆ ಬರುತ್ತಿತ್ತು, ಪ್ರತಿ ವರ್ಷ ವಾರ್ನೆಟ್ ಕೈಯಲ್ಲಿ ಸೋಲುತ್ತಿತ್ತು. ತಾನು ಹುಡುಗನಾಗಿ ಆಡುವಾಗಲೂ ಸೋತದ್ದು ಅವರಿಗೇ. ಒಂದೇ ಒಂದು ಸಲ ಏಣಿ ಹತ್ತಿ ಆ ಬಲೆ ಕತ್ತರಿಸಬೇಕು, ಮಗ ತಂಡದಲ್ಲಿರುವಾಗಲೇ ಕತ್ತರಿಸಬೇಕು ಎನ್ನುವುದು ಅವನ ಜೀವನದ ಆಸೆ. ಕರ್ಟ್‌ಗೆ ಇದು ಶಾಲೆಯ ಕೊನೆಯ ವರ್ಷ. ಇವತ್ತು ಬಿಟ್ಟರೆ ಇನ್ನಿಲ್ಲ.

ಕರ್ಟ್ ಸಾಲಿನಿಂದ ಬಂದು ಮುಂದೆ ನಿಂತ.

"ತಪ್ಪಾಯ್ತು, ಕೋಚ್," ಎಂದ. ಜಿಮ್ಮಿನೊಳಗೆ ಅಪ್ಪ ಅನ್ನಬಾರದು ಎಂದು ಮೆರ್ಲ್ ಮೊದಲ ವರ್ಷವೇ ಹೇಳಿಟ್ಟಿದ್ದ, ಹುಡುಗ ಇದುವರೆಗೂ ತಪ್ಪಿರಲಿಲ್ಲ.

ಹೋಬರ್ಟ್ ಕುರ್ಚಿಗೆ ಒರಗಿ, ಇಷ್ಟಕ್ಕೆಲ್ಲ ಆ ಕತ್ತರಿಯೇ ಕಾರಣ ಎಂದು ಎಲ್ಲರಿಗೂ ಕೇಳುವ ಹಾಗೆ ಗೊಣಗಿದ.

ಹೀಗೆ ಗಡಿಯಾರ ಒಂದು ಚಣವೂ ಓಡದೆ ವಾರ್ನೆಟ್ ಆ ಎರಡೂ ಫ್ರೀ ಥ್ರೋ ಹಾಕಿ ಎರಡು ಪಾಯಿಂಟು ಮುಂದೆ ಹೋಯಿತು. ಮೆರ್ಲ್ ಕೂತ. ಕೂತ ತಕ್ಷಣ ಜೇಬಿನ ಕತ್ತರಿ ತೊಡೆಗೆ ಚುಚ್ಚಿತು. ನಿಂತೇ ಇರುವ ಮನುಷ್ಯನಾದ್ದರಿಂದ ತರುವಾಗ ಅದು ಅವನಿಗೆ ಹೊಳೆದಿರಲಿಲ್ಲ. ಎಳೆದು ಸರಿಮಾಡಿಕೊಂಡ. ಇನ್ನೊಂದು ಕಡೆ ಚುಚ್ಚಿತು.

ಕೂತು ನೋಡಿದರೆ ಆಟವೇ ಬೇರೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಆಚೆ ಬದಿ ಕಾಣುವುದೇ ಇಲ್ಲ. ಕಣ್ಣಿಗೆ ಬೀಳುವುದು ಮೊಣಕಾಲು, ಬೂಟು, ಲೆಸ್ಟರನ ಕಪ್ಪು ಪ್ಯಾಂಟು. ಲೆಸ್ಟರ್ ಗೆರೆಯ ಪಕ್ಕ ಓಡಾಡುತ್ತ ಬೇಕೆಂದೇ ಮುಖ್ಯ ಗಳಿಗೆಯಲ್ಲಿ ಅಡ್ಡ ಬರುತ್ತಾನೆ ಎನಿಸಿತು. ಕೂಗಿದರೆ ಧ್ವನಿ ಮುಂದಿನ ಸಾಲನ್ನೂ ದಾಟುತ್ತಿರಲಿಲ್ಲ. ಅಷ್ಟು ಗಲಾಟೆ. ಅತ್ತ ವಾರ್ನೆಟ್ ಕೋಚ್ ಗ್ಯಾರಿ ಸ್ಟುಕಿ ತನ್ನ ಚೌಕದಲ್ಲಿ ಸಂತೆಗೆ ಬಂದವನ ಹಾಗೆ ಆರಾಮಾಗಿ ತಿರುಗಾಡುತ್ತಿದ್ದ.

ಮೊದಲ ಕೆಲವು ಸಲ ಕರ್ಟ್ ಚೆಂಡು ತಂದವನೇ ಅಭ್ಯಾಸಬಲದಿಂದ ಇತ್ತ ತಿರುಗಿ ನೋಡಿದ. ಮೆರ್ಲ್ ಕುರ್ಚಿಯಲ್ಲೇ ಮುಷ್ಟಿ ಎತ್ತಿದ, ಟೈ ಎಳೆದ, ಕೊರಳು ಉದ್ದ ಮಾಡಿದ. ಯಾವುದೂ ಕಾಣಲಿಲ್ಲವೋ ಏನೋ, ಹುಡುಗ ಮುಖ ತಿರುಗಿಸಿಕೊಂಡ. ಎದುರು ಗ್ಯಾಲರಿಯಲ್ಲಿ ವಾರ್ನೆಟ್ ಮಕ್ಕಳು ಆಗಲೇ ಹಾಡು ಹಿಡಿದಿದ್ದರು. ಹಿಂದಿನ ತಿಂಗಳು ಅವರ ಊರಿನಲ್ಲಿ ಆಡಿದಾಗ ಶುರುಮಾಡಿದ ಹಾಡು. ಕರ್ಟ್ ಕೋಚ್ ಕಡೆ ನೋಡಿದಾಗಲೆಲ್ಲ ಕೈ ತಟ್ಟಿ ಹೇಳುವುದು:

"ಕೇಳು ಕೇಳು, ಅಪ್ಪನ್ನ ಕೇಳು!"

ಅವತ್ತು ಬಸ್ಸಿನಲ್ಲಿ ಮೆರ್ಲ್ ನಕ್ಕುಬಿಟ್ಟಿದ್ದ. ಹೊಟ್ಟೆಕಿಚ್ಚಿಗೆ ಅರಚುತ್ತಾರೆ, ಅರಚಲಿ ಬಿಡು ಎಂದಿದ್ದ. ಕರ್ಟ್ ಕಿಟಕಿಗೆ ತಲೆ ಒರಗಿಸಿ ಊರು ಬರುವವರೆಗೂ ಹೊರಗೇ ನೋಡುತ್ತಿದ್ದ. ಮನೆಗೆ ಬಂದ ಮೇಲೆ ಗ್ಲೆಂಡಾ ತಟ್ಟೆ ಇಡುತ್ತಾ, ಅವನನ್ನು ಸ್ವಲ್ಪ ಅವನ ಪಾಡಿಗೆ ಬಿಟ್ಟು ನೋಡು ಎಂದಿದ್ದಳು. ಬಿಟ್ಟರೆ ಚೆಂಡು ವಾರ್ನೆಟ್ ಕೈಗೆ ಹೋಗುತ್ತೆ ಎಂದು ಇವನು ಹೇಳಿದ್ದ. ಅಲ್ಲಿಗೆ ಆ ಮಾತು ಮುಗಿದಿತ್ತು.

ಈಗ ಹಾಡು ಬದಲಾಯಿತು. "ಅಪ್ಪ ಕೂತ, ಅಪ್ಪ ಕೂತ" ಎಂದು ಶುರುವಿಟ್ಟುಕೊಂಡರು. ಮೆರ್ಲ್‌ಗೆ ಗೊತ್ತಿಲ್ಲದೆ ಕುರ್ಚಿಯಿಂದ ಮೈ ಎದ್ದಿತು. ಲೆಸ್ಟರ್ ಓಡುತ್ತಿದ್ದವನು ಓಡುತ್ತಲೇ ಅಂಗೈ ಕೆಳಗೆ ಮಾಡಿ ಕೂರು ಎಂದು ಸನ್ನೆ ಮಾಡಿದ. ಹೋಬರ್ಟ್ ಕೋಟಿನ ತುದಿ ಹಿಡಿದು ಎಳೆದ. ಕತ್ತರಿ ಮತ್ತೆ ಚುಚ್ಚಿತು.

ಟೈಮ್‌ಔಟ್ ಕೇಳಿ ಆಟ ನಿಲ್ಲಿಸಿದರೆ ಆ ಒಂದು ನಿಮಿಷ ಕೋಚ್ ಎದ್ದು ನಿಲ್ಲಬಹುದು. ಮೆರ್ಲ್ ಕೇಳಿದ. ಹುಡುಗರನ್ನು ಸುತ್ತ ಸೇರಿಸಿಕೊಂಡು ಗಂಟಲು ಹರಿಯುವ ಹಾಗೆ ಹೇಳಿದ. ಸ್ವಲ್ಪ ಹೊತ್ತಿಗೆ ಇನ್ನೊಂದು, ಆಮೇಲೆ ಮತ್ತೊಂದು ಕೇಳಿದ. ಹೇಳುವುದು ಅಂಥದ್ದೇನೂ ಇರಲಿಲ್ಲ, ನಿಲ್ಲಬೇಕಿತ್ತು ಅಷ್ಟೇ. ಹೋಬರ್ಟ್ ಕೊನೆಗೆ ಬೇಕಾಗುತ್ತೆ, ಉಳಿಸಿಕೊ ಎಂದ. ಮುದುಕನ ಮಾತು ಯಾರಿಗೆ ಬೇಕಿತ್ತು.

ಅರ್ಧ ಆಟಕ್ಕೆ ವಾರ್ನೆಟ್ ಒಳ್ಳೆ ಅಂತರದಲ್ಲೇ ಮುಂದಿತ್ತು. ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಮುಚ್ಚಿದ ಕೂಡಲೇ ಮೆರ್ಲ್ ಅಷ್ಟು ಹೊತ್ತು ಕೂತ ಕಾಲನ್ನೆಲ್ಲ ಒಮ್ಮೆಗೇ ಆಡಿಸುವವನ ಹಾಗೆ ಗೋಡೆಯಿಂದ ಗೋಡೆಗೆ ನಡೆದ. ಕರ್ಟ್‌ನನ್ನು ಎಲ್ಲರೆದುರಿಗೇ ತರಾಟೆಗೆ ತೆಗೆದುಕೊಂಡ. ಒಬ್ಬನ ಮಂಗಾಟಕ್ಕೆ ಇಡೀ ತಂಡ ದಂಡ ತೆರಬೇಕಾ ಎಂದ. ಹೊರಗೆ ಕೂರಿಸಿ ಬಿಡುತ್ತಿದ್ದೆ, ನಂಬುವಂಥ ಬೇರೆ ಗಾರ್ಡು ಇಲ್ಲದ್ದಕ್ಕೆ ನೀನು ಬದುಕಿಕೊಂಡೆ ಎಂದ. ಆಮೇಲೆ ಹಲಗೆಯ ಮೇಲೆ ಮೂರು ಆಟ ಬರೆದ. ಈ ಮೂರು ಬಿಟ್ಟು ನಾಲ್ಕನೆಯದನ್ನು ಯಾರೂ ಆಡಕೂಡದು ಎಂದ. ಕರ್ಟ್ ಮೊಣಕೈ ತೊಡೆಗೆ ಊರಿ ನೆಲ ನೋಡುತ್ತಾ ಎಲ್ಲದಕ್ಕೂ ಹೂಂ ಎಂದ.

ಹೊರಗೆ ಹೋಗಿ ಆಡಿದ್ದು ನಾಲ್ಕನೆಯದನ್ನೇ.

ಚೆಂಡು ತಂದವನು ಈ ಸಲ ತಿರುಗಿ ನೋಡಲಿಲ್ಲ. ನಡುವೆ ನಿಂತ, ಎಡಕ್ಕೆ ಹೋಗುವವನ ಹಾಗೆ ಭುಜ ಬಗ್ಗಿಸಿದ, ಬಲಗಡೆ ಮೂಲೆಯಿಂದ ಓಡಿಬರುತ್ತಿದ್ದ ಡ್ವೇಯ್ನ್‌ಗೆ ತಲೆಗಳ ಮೇಲಿಂದ ಎಸೆದ. ಅಂಥ ಎಸೆತವನ್ನು ಮೆರ್ಲ್ ಮೂರು ವರ್ಷದಿಂದ ನಿಷೇಧಿಸಿದ್ದ. ಡ್ವೇಯ್ನ್ ಗಾಳಿಯಲ್ಲೇ ಹಿಡಿದು ಹಾಕಿದ. ಮೆರ್ಲ್ ಬೈಯಲು ಬಾಯಿ ತೆರೆದಿದ್ದ, ಹಾಗೇ ಮುಚ್ಚಿಕೊಂಡ.

ಮುಂದಿನ ಸಲವೂ ಹಾಗೇ. ಅದರ ಮುಂದಿನ ಸಲ ಎಸೆಯುವ ಹಾಗೆ ಮಾಡಿ ತಾನೇ ಒಳನುಗ್ಗಿದ. ಡೆಲ್‌ಫೋರ್ಡಿನ ಜನ ಎದ್ದು ನಿಂತರು. ಆ ಗ್ಯಾಲರಿಯಲ್ಲಿ ಪಾಪ್‌ಕಾರ್ನ್ ಮಾರುತ್ತಿದ್ದ ಗ್ಲೆಂಡಾ ಕೂಡ ಗಿರಾಕಿಗಳನ್ನು ಬಿಟ್ಟು ಮೆಟ್ಟಿಲ ತನಕ ಬಂದು ನೋಡುತ್ತಿದ್ದಳು. ಅಂತರ ಕರಗುತ್ತಾ ಬಂತು. ಕರ್ಟ್ ಎದುರಾಳಿಯ ಕೈಯಿಂದ ಚೆಂಡು ಕಸಿದು ಒಬ್ಬನೇ ಓಡಿ ಹಾಕಿದಾಗ ಮೆರ್ಲ್ ಕೈ ಮೇಲೆತ್ತಿ ಎದ್ದೇಬಿಟ್ಟ. ತನ್ನವರ ಒಳ್ಳೆಯ ಆಟಕ್ಕೆ ಕೋಚ್ ಒಂದು ಗಳಿಗೆ ಎದ್ದು ಕೂರಬಹುದು, ಅಷ್ಟರ ಮಟ್ಟಿಗೆ ನಿಯಮಕ್ಕೂ ಹೃದಯವಿದೆ. ಲೆಸ್ಟರ್ ನೋಡಿದ, ಏನೂ ಅನ್ನಲಿಲ್ಲ. ಮೆರ್ಲ್ ಕೂತ.

ಕೂತ ಮೇಲೆ ಅವನಿಗೆ ಒಂದು ವಿಷಯ ಹೊಳೆಯಿತು. ಈ ಅರ್ಧದಲ್ಲಿ ಕರ್ಟ್ ಒಂದು ಸಲವೂ ಇತ್ತ ನೋಡಿಲ್ಲ. ಎದುರು ಗ್ಯಾಲರಿಯ ಹಾಡೂ ನಿಂತಿದೆ. ಹಾಡಲು ಅವರಿಗೇನೂ ಸಿಗುತ್ತಿಲ್ಲ.

ಅದರ ಹಿಂದೆಯೇ ಇನ್ನೊಂದು ನೆನಪಾಯಿತು. ಚಳಿಗಾಲಕ್ಕೆ ಮುಂಚೆ, ಅಭ್ಯಾಸದ ಮೊದಲ ದಿನ, ಮೆರ್ಲ್ ಹುಡುಗರನ್ನೆಲ್ಲ ನೆಲದ ಮೇಲೆ ಕೂರಿಸಿ ನಿಯಮಗಳನ್ನು ಹೇಳಿದ್ದ. ಪ್ರತಿ ವರ್ಷ ಹೇಳುತ್ತಾನೆ. ಆಟಕ್ಕೆ ಮುಂಚೆ ಯಾವನಾದರೂ ರಿಂಗಿಗೆ ಕೈ ಹಾಕಿ ನೇತಾಡಿದರೆ ನಾನು ಇಡೀ ಆಟ ಕೂತಿರಬೇಕಾಗುತ್ತದೆ, ನನ್ನನ್ನು ಕೂರಿಸಿದವನನ್ನು ನಾನು ಸುಮ್ಮನೆ ಬಿಡುವುದಿಲ್ಲ ಎಂದಿದ್ದ. ಹುಡುಗರು ನಕ್ಕಿದ್ದರು. ಕರ್ಟ್ ನಕ್ಕಿರಲಿಲ್ಲ. ಇಡೀ ಆಟಾನಾ ಎಂದು ಕೇಳಿದ್ದ. ಇಡೀ ಆಟ ಎಂದು ಇವನೇ ಹೇಳಿದ್ದ.

ಮೆರ್ಲ್‌ನ ಕಿವಿ ಬಿಸಿಯಾಯಿತು. ಎರಡು ಕೈಯಲ್ಲೂ ಕುರ್ಚಿಯ ಅಂಚು ಹಿಡಿದುಕೊಂಡ. ಎದುರಿಗೆ ಅಷ್ಟು ಚಂದದ ಆಟ ನಡೆಯುತ್ತಿತ್ತು. ಅವನು ಮೂವತ್ತು ವರ್ಷ ಕಾದ ಆಟ. ಅದನ್ನು ನೋಡಿ ಸಂತೋಷಪಡಲೂ ಆಗದೆ, ಎದ್ದು ಹೋಗಿ ಮಗನ ಕತ್ತಿನ ಪಟ್ಟಿ ಹಿಡಿಯಲೂ ಆಗದೆ ಒಳಗೊಳಗೇ ಬೇಯುತ್ತಾ ಕೂತ.

ಆಟ ಇನ್ನೇನು ಮುಗಿಯಬೇಕು ಅನ್ನುವಾಗ ಡೆಲ್‌ಫೋರ್ಡ್ ಒಂದು ಪಾಯಿಂಟು ಮುಂದೆ ಬಂತು. ಹಾಕಿದವನು ಕರ್ಟೇ. ಜನ ಏಣಿ ತರಲು ಕೂಗುತ್ತಿದ್ದರು. ವಾರ್ನೆಟ್ ಹುಡುಗನೊಬ್ಬ ಕೊನೆಯ ಸಲ ಒಳನುಗ್ಗಿದ, ಕರ್ಟ್ ಅಡ್ಡ ಹೋದ, ಇಬ್ಬರೂ ಬಿದ್ದರು. ಸೀಟಿ.

ಲೆಸ್ಟರ್ ಮೇಜಿನ ಹತ್ತಿರ ಹೋಗಿ ಕೇಳಿಕೊಂಡು ಮೆರ್ಲ್ ಮುಂದೆ ಬಂದು ನಿಂತ.

"ಐದು ಫೌಲಾಯ್ತು. ಹುಡುಗನ್ನ ಹೊರಗೆ ಕರಿ."

"ನಾಲ್ಕು," ಎಂದ ಮೆರ್ಲ್. "ನಾನು ಎಣಿಸ್ತಾನೇ ಇದ್ದೀನಿ ಲೆಸ್ಟರ್. ಇದು ನಾಲ್ಕನೇದು."

ಲೆಸ್ಟರ್ ಹೆಬ್ಬೆರಳನ್ನು ಹೆಗಲ ಹಿಂದಕ್ಕೆ ಮಾಡಿ ಕರ್ಟ್ ನೇತಾಡಿದ್ದ ರಿಂಗನ್ನು ತೋರಿಸಿದ.

ಹೊರಬಂದ ಆಟಗಾರನನ್ನು ಕರೆದುಕೊಳ್ಳಲು, ಬದಲಿ ಕಳಿಸಲು ಕೋಚ್ ಏಳಬಹುದು. ಮೆರ್ಲ್ ಎದ್ದ. ಮಂಡಿ ಎರಡೂ ಜೋಮು ಹಿಡಿದಿದ್ದವು. ಮಿಚ್ ಎನ್ನುವ ಸಣ್ಣ ತರಗತಿಯ ಹುಡುಗನನ್ನು ಒಳಗೆ ಕಳಿಸಿದ. ಕರ್ಟ್ ಅಂಗಿಯ ತುದಿಯಿಂದ ಮುಖ ಒರೆಸಿಕೊಂಡು ನಡೆದು ಬಂದ. ಜನರೆಲ್ಲ ಎದ್ದು ಅವನಿಗೆ ಚಪ್ಪಾಳೆ ಹೊಡೆಯುತ್ತಿದ್ದರು. ಇಡೀ ಸಂಜೆ ನಿಲ್ಲಬೇಕು ನಿಲ್ಲಬೇಕು ಎಂದು ಒದ್ದಾಡಿದ ಮೆರ್ಲ್, ನಿಂತ ಮೇಲೆ ಏನು ಮಾಡಬೇಕೆಂದು ತಿಳಿಯದೆ ಮಗನ ತೋಳು ಹಿಡಿದುಕೊಂಡ.

"ಬೇಕಂತಲೇ ಹಿಡಿದ್ಯಾ ರಿಂಗ್‌ನ?"

"ಹೂಂ, ಕೋಚ್."

ಸುಳ್ಳು ಹೇಳಬಹುದಿತ್ತು. ಆಮೇಲೆ ಮಾತಾಡೋಣ ಎನ್ನಬಹುದಿತ್ತು. ಅದೂ ಮಾಡಲಿಲ್ಲ ಹುಡುಗ. ಮೆರ್ಲ್ ಕೈ ಬಿಟ್ಟ. ಕೂರು ಎಂದು ಲೆಸ್ಟರ್ ಹೇಳುವ ಮೊದಲೇ ಕೂತುಬಿಟ್ಟ. ಕರ್ಟ್ ಪಕ್ಕದ ಕುರ್ಚಿಯಲ್ಲಿ ಕೂತು ಟವೆಲನ್ನು ತಲೆಯ ಮೇಲೆ ಹಾಕಿಕೊಂಡ.

ವಾರ್ನೆಟ್ ಹುಡುಗ ಎರಡು ಥ್ರೋಗಳನ್ನೂ ಹಾಕಿದ. ಡೆಲ್‌ಫೋರ್ಡ್ ಈಗ ಒಂದು ಪಾಯಿಂಟು ಹಿಂದೆ. ಇನ್ನೂ ಹೊತ್ತಿತ್ತು, ಒಂದು ಸಲ ಚೆಂಡು ತಂದು ಹಾಕುವಷ್ಟು ಹೊತ್ತು. ಟೈಮ್‌ಔಟ್ ಒಂದೂ ಉಳಿದಿರಲಿಲ್ಲ. ಮಿಚ್ ಚೆಂಡು ತಂದ. ಅಂಗಳದ ನಡುವೆ ಬಂದು, ತನಗೆ ಕಲಿಸಿಕೊಟ್ಟ ಹಾಗೆ, ಏನು ಮಾಡಲಿ ಎಂದು ಕೋಚ್ ಕಡೆ ತಿರುಗಿ ನೋಡಿದ. ಕುರ್ಚಿಯಲ್ಲಿ ಕೂತ ಮನುಷ್ಯನನ್ನು ಅಷ್ಟು ತಲೆಗಳ ನಡುವೆ ಹುಡುಕಿದ. ಮೆರ್ಲ್‌ನ ಕೈ ಟೈಗೆ ಹೋಗುವಷ್ಟರಲ್ಲಿ ವಾರ್ನೆಟ್‌ನವನು ಚೆಂಡು ತಟ್ಟಿಕೊಂಡು ಓಡಿದ್ದ.

ಗಂಟೆ ಮೊಳಗಿತು.

ಸೋತದ್ದು ಒಂದು ಪಾಯಿಂಟಿಗೆ. ಆಟಕ್ಕೆ ಮುಂಚೆ ಕೊಟ್ಟದ್ದು ಎರಡು. ಈ ಲೆಕ್ಕ ಮಾಡಲು ಯಾರಿಗೂ ಹೊತ್ತು ಬೇಕಾಗಲಿಲ್ಲ. ಬೆಳಿಗ್ಗೆ ಮೊಟ್ಟೆ ತಿನ್ನಲು ಬಂದವರೆಲ್ಲ ಹೋಟೆಲಿನಲ್ಲಿ ಇದನ್ನೇ ಹೇಳುತ್ತಾರೆ, ವರ್ಷಗಟ್ಟಲೆ ಹೇಳುತ್ತಾರೆ. ಮೆರ್ಲ್‌ಗೆ ಗೊತ್ತಿತ್ತು. ಎದುರು ಬದಿಯವರೆಲ್ಲ ಅಂಗಳಕ್ಕೆ ನುಗ್ಗಿದರು. ಡ್ವೇಯ್ನ್ ನೆಲದ ಮೇಲೆ ಕೂತು ಅಳುತ್ತಿದ್ದ. ಗ್ಯಾರಿ ಸ್ಟುಕಿ ಬಂದು ಕೈ ಕುಲುಕಿ, ನಿನ್ ಮಗ ನಮ್ಮ ಜೀವ ತೆಗೆದುಬಿಟ್ಟ ಎಂದ. ಮೆರ್ಲ್ ಕೂತಲ್ಲಿಂದಲೇ ಕೈ ಕೊಟ್ಟ.

ಲೆಸ್ಟರ್ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೋಗುವವನು ನಿಂತ.

"ಮೆರ್ಲ್, ಇನ್ನು ಏಳಬಹುದು ನೀನು."

"ಗೊತ್ತು," ಎಂದ ಮೆರ್ಲ್. ಏಳಲಿಲ್ಲ.

ಏಣಿ ಬಂತು. ವಾರ್ನೆಟ್‌ನವರು ರೂಢಿಯಂತೆ ಕತ್ತರಿ ತಂದಿರಲಿಲ್ಲ. ಮೇಜಿನವರನ್ನು ಕೇಳಿದರು, ಬ್ಯಾಂಡಿನವರನ್ನು ಕೇಳಿದರು. ಹೋಬರ್ಟ್ ಅಲ್ಲೇ ಇದ್ದವನು ಅವರನ್ನು ಕರೆದು, ಬೇರೆಲ್ಲೂ ಹುಡುಕಬೇಡಿ, ಈ ಮಹಾರಾಯನ ಜೇಬಿನಲ್ಲಿದೆ ನೋಡಿ ಎಂದ. ಆಮೇಲೆ ತನ್ನ ಕೋಟು ತೆಗೆದುಕೊಂಡು, ಮೆರ್ಲ್‌ನ ಮುಖವನ್ನೂ ನೋಡದೆ ಹೊರಟುಹೋದ. ಮೆರ್ಲ್ ಕತ್ತರಿ ತೆಗೆದು ಕೊಟ್ಟ. ಹೆಂಡತಿಯದು, ವಾಪಸ್ ಬೇಕು ಎಂದಷ್ಟೇ ಹೇಳಿದ.

ಅಪ್ಪ ಮಗ ಅದು ವಾಪಸ್ ಬರುವುದನ್ನೇ ಕಾಯುತ್ತಾ ಕೂತರು. ವಾರ್ನೆಟ್ ಹುಡುಗರು ಒಬ್ಬೊಬ್ಬರಾಗಿ ಏಣಿ ಹತ್ತಿ ಒಂದೊಂದು ಎಳೆ ಕತ್ತರಿಸಿ, ಅದನ್ನು ತಲೆಯ ಮೇಲೆ ಆಡಿಸಿ ಇಳಿಯುತ್ತಿದ್ದರು. ಯಾರಿಗೂ ಅವಸರವಿರಲಿಲ್ಲ. ಮೆರ್ಲ್‌ಗೆ ಬೈಯಬೇಕಿತ್ತು. ಬೈಗುಳವೆಲ್ಲ ನಾಲಗೆಯ ತುದಿಗೆ ಬಂದು ನಿಂತಿತ್ತು. ನನ್ನ ಮೂವತ್ತು ವರ್ಷ ತಿಂದುಬಿಟ್ಟೆಯಲ್ಲೋ ಎನ್ನಬೇಕಿತ್ತು. ಅಷ್ಟರಲ್ಲಿ ಮಗ ತಲೆಯ ಮೇಲಿನ ಟವೆಲ್ ತೆಗೆದ. ಅತ್ತು ಕಣ್ಣು ಊದಿಕೊಂಡಿತ್ತು. ಆದರೆ ಅವನು ತಲೆ ತಗ್ಗಿಸಿರಲಿಲ್ಲ.

"ಯಾವಾಗಿಂದ ಎಟುಕ್ತಿತ್ತು ನಿಂಗೆ?"

"ಏನು?"

"ರಿಂಗು."

"ಹೋದ್ ಬೇಸಿಗೆಯಿಂದ," ಎಂದ ಕರ್ಟ್. "ಮೊದ್ಲು ಬೆರಳು ತಾಗ್ತಿತ್ತು ಅಷ್ಟೇ. ಆಮೇಲೆ ಕೈ ಸಿಕ್ತು."

"ಎಲ್ಲಿ, ಇಲ್ಲೇನಾ?"

"ಮನೇಲೇ. ಗ್ಯಾರೇಜ್ ಮುಂದೆ ಹಾಕಿದೀವಲ್ಲ, ಅಲ್ಲಿ." ಟವೆಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡ. "ನೀನು ಒಳಗೆ ನನ್ನ ಆಟದ ಟೇಪ್ ನೋಡ್ತಿರ್ತಿದ್ದೆ."

ಹೋದ ಬೇಸಿಗೆಯಿಡೀ ಮೆರ್ಲ್ ಪರದೆ ಎಳೆದುಕೊಂಡು ಟಿವಿಯ ಮುಂದೆ ಕೂತು, ಕರ್ಟ್ ಎಲ್ಲೆಲ್ಲಿ ತಪ್ಪಿದ್ದಾನೆ ಎಂದು ನಿಲ್ಲಿಸಿ ನಿಲ್ಲಿಸಿ ನೋಡಿದ್ದ. ಹೊರಗೆ ದಡ್ ದಡ್ ಎಂದು ಶಬ್ದ ಬರುತ್ತಿದ್ದದ್ದು ಹೌದು. ಸ್ವಲ್ಪ ನಿಲ್ಲಿಸು ಎಂದು ಒಂದೆರಡು ಸಲ ಕಿಟಕಿಯಿಂದ ಕೂಗಿಯೂ ಇದ್ದ.

ಕೊನೆಗೆ ಸ್ಟುಕಿ ಏಣಿ ಹತ್ತಿ ಉಳಿದ ಎಳೆ ಕತ್ತರಿಸಿ ಬಲೆಯನ್ನು ಕೊರಳಿಗೆ ಹಾಕಿಕೊಂಡ. ವಾರ್ನೆಟ್ ಹುಡುಗನೊಬ್ಬ ಓಡಿಬಂದು ಕತ್ತರಿ ಕೊಟ್ಟು ಹೋದ. ಅಲಗಿನ ಸಂದಿಯಲ್ಲಿ ಬಿಳಿ ನೂಲು ಸಿಕ್ಕಿಕೊಂಡಿತ್ತು. ಅವರ ಜನ ಹಾಡುತ್ತಾ ಹೊರಗೆ ಹೋದರು. ಅಂಗಳ ಖಾಲಿಯಾಯಿತು. ಗ್ಲೆಂಡಾ ಮೇಲೆ ಪಾಪ್‌ಕಾರ್ನ್ ಯಂತ್ರ ಒರೆಸುತ್ತಿದ್ದಳು. ಇವರಿಬ್ಬರನ್ನೂ ನೋಡಿದಳು, ಕರೆಯಲಿಲ್ಲ.

"ಎಲ್ಲರೂ ನೋಡಿದ್ರು," ಎಂದ ಮೆರ್ಲ್. "ಆ ಲೆಸ್ಟರ್ ಕೂಡ ನೋಡ್ದ. ನಾನೊಬ್ಬ ಬೆನ್ನು ತಿರುಗ್ಸಿ ನಿಂತಿದ್ದೆ."

ಕರ್ಟ್ ಅವನ ಮುಖ ನೋಡಿದ. ಬೈಗುಳದ ಪೀಠಿಕೆಯೋ ಏನೋ ಎನ್ನುವ ಅನುಮಾನ ಅವನಿಗೆ.

"ಇನ್ನೊಂದ್ಸಲ ಹಿಡಿ. ನೋಡ್ಬೇಕು ನಾನು."

"ಅಪ್ಪಾ, ಕಾಲು ಬಿದ್ದೇ ಹೋಗಿದೆ."

"ಹಿಡಿಯೋ."

ಕರ್ಟ್ ಎದ್ದು ಟವೆಲನ್ನು ಕುರ್ಚಿಯ ಮೇಲಿಟ್ಟ. ಬಲೆಯಿಲ್ಲದ ರಿಂಗು ಬರಿಯ ಕಬ್ಬಿಣದ ಬಳೆಯಾಗಿ ನಿಂತಿತ್ತು. ನಾಲ್ಕು ಹೆಜ್ಜೆ ಓಡಿ ಹಾರಿದ. ಬೆರಳ ತುದಿ ತಾಗಿತು, ಕೈ ಜಾರಿತು. ಇಳಿದವನು ಹಿಂದಿರುಗಿ ನೋಡದೆ ಮತ್ತೆ ದೂರಕ್ಕೆ ನಡೆದು ಹೋದ. ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡು, ಈ ಸಲ ಜೋರಾಗಿ ಓಡಿಬಂದು ಹಾರಿದ. ಎರಡೂ ಕೈಯಲ್ಲಿ ಹಿಡಿದ. ಗಾಜಿನ ಹಲಗೆ ದಡ್ ಎಂದು ಅದುರಿತು.

ಮೆರ್ಲ್ ಕತ್ತರಿಯನ್ನು ತೊಡೆಯ ಮೇಲಿಟ್ಟುಕೊಂಡು, ಕುರ್ಚಿಯಲ್ಲೇ ಕೂತು, ಮಗ ಕೈ ಬಿಟ್ಟು ಇಳಿಯುವವರೆಗೂ ನೋಡಿದ.